ಜುಂಜಯ್ಯನ ನೀಲಿ

ಬಣ್ಣದ ವಿಷಯದಲ್ಲಿ ನಮ್ಮ ಬಾಲರಾಜುವಿಗೆ ಇದ್ದಷ್ಟು ಸೊಕ್ಕು ಇಡೀ ಚಿತ್ರದುರ್ಗದಲ್ಲಿ ಇನ್ನೊಬ್ಬರಿಗೆ ಇತ್ತೆಂದರೆ ಅದು ನನಗೇ. ಸಂತೆಪೇಟೆಯಲ್ಲಿ ಅವನ ಸ್ಟುಡಿಯೋಗೂ ನನ್ನ ಮ್ಯಾಚಿಂಗ್ ಸೆಂಟರಿಗೂ ನಡುವೆ ಒಂದೇ ಗೋಡೆ. ಸೀರೆ ಹಿಡಿದು ಬಂದ ಹೆಂಗಸರಿಗೆ ಅದಕ್ಕೊಪ್ಪುವ ರವಿಕೆ ಬಟ್ಟೆ ಹುಡುಕಿ ಕೊಡುವುದು ನನ್ನ ಕಸುಬು. ಗಿಳಿಹಸಿರು, ಪಾಚಿಹಸಿರು, ಎಲೆಹಸಿರು ಅಂತ ಹಸಿರಿಗೇ ಒಂದು ಕಪಾಟು ನನ್ನ ಅಂಗಡಿಯಲ್ಲಿತ್ತು. ಅವನೋ ಕಂಪ್ಯೂಟರಿನ ಮುಂದೆ ಕೂತು, "ಮಾದೇವಕ್ಕ, ನಿನ್ನ ಕಪಾಟಿನಾಗೆ ಇರೋದು ನೂರು ಬಣ್ಣ, ನನ್ನ ಡಬ್ಬದಾಗೆ ಕೋಟಿ ಅವೆ" ಎಂದು ಕೆಣಕುತ್ತಿದ್ದ. "ಕೋಟಿ ಇದ್ರೇನು ಬಂತೋ, ಕರೆಂಟ್ ಹೋದ್ರೆ ಎಲ್ಲಾ ಒಂದೇ ಕಪ್ಪು" ಎಂದು ನಾನೂ ಬಿಡುತ್ತಿರಲಿಲ್ಲ.

ಬಾಲರಾಜು ಹಿರೇಗುಂಟನೂರಿನ ಕಡೆಯ ಒಂದು ಗೊಲ್ಲರಹಟ್ಟಿಯವನು. ಬೆಳೆದದ್ದು ಸೋದರಮಾವ ಜುಂಜಯ್ಯನ ಮನೆಯಲ್ಲಿ. ನಡೆಯಲು ಕಲಿತ ಮೇಲೆ ಕುರಿಯ ಹಿಂದೆ ನಡೆದವನು. ಆದರೆ ಮಾವನೇ ಒಂದು ದಿನ, "ಕುರಿ ಹಿಂದೆ ಹೋಗಾಕೆ ನಾನೊಬ್ಬ ಸಾಕು" ಎಂದು ಹುಡುಗನನ್ನು ಸಿರಿಗೆರೆಯ ಬಸ್ಸು ಹತ್ತಿಸಿ ಅಲ್ಲಿನ ಹಾಸ್ಟೆಲಿನಲ್ಲಿ ಓದಲು ಬಿಟ್ಟು ಬಂದ. ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ತೊಂಬತ್ತರ ದಶಕದ ನಡುವೆ ಎಲ್ಲೋ ಅವನು ದುರ್ಗದ ಒಂದು ಸ್ಟುಡಿಯೋ ಸೇರಿಕೊಂಡ. ಮದುವೆಮನೆಗಳಲ್ಲಿ ದೀಪ ಹಿಡಿಯುವುದು, ರೀಲುಗಳನ್ನು ದಾವಣಗೆರೆಯ ಕಲರ್ ಲ್ಯಾಬಿಗೆ ಒಯ್ಯುವುದು, ತರುವುದು. ಯಜಮಾನರಿಗೆ ವಯಸ್ಸಾಗಿ ಅಂಗಡಿ ಬಿಟ್ಟಾಗ ಅದನ್ನು ತಾನೇ ವಹಿಸಿಕೊಂಡ. ಆಮೇಲೆ ಡಿಜಿಟಲ್ ಕ್ಯಾಮೆರಾ ಬಂತು, ಕಂಪ್ಯೂಟರ್ ಬಂತು, ನಮ್ಮ ಬಾಲರಾಜು ಬಣ್ಣದ ಡಾಕ್ಟರ್ ಆದ.

ಡಾಕ್ಟರ್ ಅಂದದ್ದು ಸುಮ್ಮನೆ ಅಲ್ಲ. ಅವನ ಹಟ್ಟಿಯ ಚಿತ್ತಮ್ಮ ಎಂಬ ಹೆಂಗಸಿನ ಗಂಡ ತೀರಿಕೊಂಡಾಗ ಮನೆಯಲ್ಲಿದ್ದದ್ದು ಅವನ ಒಂದೇ ಒಂದು ಫೋಟೋ, ಅದೂ ಹರಿದ ಬನಿಯನ್ನಿನಲ್ಲಿ. ಬಾಲರಾಜು ಆ ಮುಖವನ್ನು ಬಿಡಿಸಿ, ಕರಿ ಕೋಟು ತೊಡಿಸಿ, ಹಿಂದೆ ನೀಲಿ ಪರದೆ ಬಿಟ್ಟು, ಕಟ್ಟು ಹಾಕಿಸಿ ಕೊಟ್ಟ. ಬದುಕಿದ್ದಾಗ ಕೋಟು ಮುಟ್ಟದ ಮನುಷ್ಯ ಸತ್ತ ಮೇಲೆ ತಹಸೀಲ್ದಾರನಾಗಿ ಗೋಡೆ ಏರಿದ. ವರ ನೋಡಲು ಕಳಿಸುವ ಹುಡುಗಿಯರ ಫೋಟೋಗಳಂತೂ ಕೇಳಬೇಡಿ. ಒಳಗೆ ಹೋದ ಹುಡುಗಿಯೇ ಬೇರೆ, ಕವರಿನಲ್ಲಿ ಹೊರಗೆ ಬಂದವಳೇ ಬೇರೆ.

ಇಂಥ ಒಂದು ಫೋಟೋದಿಂದಲೇ ಅವನು ಮೊದಲ ಪೆಟ್ಟು ತಿಂದ. ಹೊಳಲ್ಕೆರೆಯ ಒಬ್ಬ ಹುಡುಗಿಯ ಫೋಟೋವನ್ನು ಇಂಟರ್ನೆಟ್ಟಿಗೆ ಹಾಕಲು ಕೊಟ್ಟಿದ್ದ. ಕ್ಯಾಮೆರಾದಲ್ಲಿ ಬಣ್ಣ ಹೆಚ್ಚು ಹಿಡಿಯುತ್ತದೆಂದು ಅದ್ಯಾವುದೋ ದೊಡ್ಡ ಬಣ್ಣದ ಲೆಕ್ಕ ಇಟ್ಟುಕೊಂಡಿದ್ದನಂತೆ. ಅವನ ಕಂಪ್ಯೂಟರಿನಲ್ಲಿ ಹುಡುಗಿ ಕಳಕಳಿಸುತ್ತಿದ್ದಳು. ಆ ಲೆಕ್ಕ ತಿಳಿಯದ ಇಂಟರ್ನೆಟ್ಟಿನಲ್ಲಿ ಮಾತ್ರ ವಾರದಿಂದ ಜ್ವರ ಬಂದು ಮಲಗಿದವಳ ಹಾಗೆ ಸಪ್ಪಗೆ ಬಿದ್ದಿದ್ದಳು. ಗಂಡಿನ ಕಡೆಯವರು ಫೋನು ಮಾಡಿ, "ಹುಡುಗಿಗೆ ಆರೋಗ್ಯ ಹೆಂಗೈತೆ?" ಎಂದು ಕೇಳಿದರು. ಹುಡುಗಿಯ ಅಪ್ಪ ಸ್ಟುಡಿಯೋಗೆ ಬಂದು ಕೂಗಾಡಿದ್ದು ನನ್ನ ಅಂಗಡಿಗೂ ಕೇಳಿತು.

ಆವತ್ತಿನಿಂದ ಬಾಲರಾಜು ಹಟ ಹಿಡಿದು ಕಲಿತ. ಕಲಿತದ್ದನ್ನೆಲ್ಲ ನನಗೆ ಒಪ್ಪಿಸುತ್ತಿದ್ದ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನನಗೂ ಬೇರೆ ಕೆಲಸ ಇರುತ್ತಿರಲಿಲ್ಲ. ಕಂಪ್ಯೂಟರಿನ ಪರದೆ ಬಣ್ಣವನ್ನು ಬೆಳಕಿನಿಂದ ಮಾಡುತ್ತದೆ: ಕೆಂಪು, ಹಸಿರು, ನೀಲಿ. ಪ್ರೆಸ್ಸಿನವರು ಮಸಿಯಿಂದ ಮಾಡುತ್ತಾರೆ: ತಿಳಿನೀಲಿ, ಗುಲಾಬಿ, ಹಳದಿ, ಕಪ್ಪು. ಬೆಳಕಿನ ಮನೆ ದೊಡ್ಡದು, ಮಸಿಯ ಮನೆ ಚಿಕ್ಕದು. ದೊಡ್ಡ ಮನೆಯ ಮಂಚ ಚಿಕ್ಕ ಮನೆಯ ಬಾಗಿಲಲ್ಲಿ ಹಿಡಿಸದಿದ್ದರೆ ಕಾಲು ಕತ್ತರಿಸಬೇಕಾಗುತ್ತದಲ್ಲ, ಹಾಗೆ ಕೆಲವು ಬಣ್ಣಗಳು ಕಾಗದಕ್ಕೆ ಇಳಿಯುವಾಗ ಮುಕ್ಕಾಗುತ್ತವೆ. ಎಲ್ಲಕ್ಕಿಂತ ಮೋಸದ್ದು ನೀಲಿ. ಮಸಿಯಲ್ಲಿ ನೀಲಿ ಮಾಡಲು ಗುಲಾಬಿ ಬೆರೆಸಬೇಕು, ಗುಲಾಬಿ ಒಂದಿಷ್ಟು ಹೆಚ್ಚಾದರೆ ನೀಲಿ ನೇರಳೆಗೆ ತಿರುಗುತ್ತದೆ. ಹಾಗಾಗದಂತೆ ಮೊದಲೇ ಗುಲಾಬಿ ಇಳಿಸಿ ಕಳಿಸಬೇಕು. ಇದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಒಂದೇ ಫೋಟೋವನ್ನು ಲ್ಯಾಬಿಗೆ ಒಂದು ಥರ, ಇಂಟರ್ನೆಟ್ಟಿಗೆ ಒಂದು ಥರ, ಪ್ರೆಸ್ಸಿಗೆ ಒಂದು ಥರ ತಿದ್ದಿ ಇಡುತ್ತಿದ್ದ. ಗೊತ್ತಿಲ್ಲದೆ ತಪ್ಪು ಮಾಡಿದವನಲ್ಲ ಅವನು, ಅದನ್ನು ಹೇಳಲೆಂದೇ ಇಷ್ಟು ಹೇಳಿದೆ.

ಎರಡು ಸಾವಿರದ ಐದರ ದೀಪಾವಳಿ ಮುಗಿದ ಮೇಲೆ ಕುರಿ ಸಾಕುವವರ ಒಂದು ಸಂಘದವರು ಹೊಸ ವರ್ಷಕ್ಕೆ ಕ್ಯಾಲೆಂಡರ್ ಮಾಡಿಸಲು ಬಂದರು. ಬಾಲರಾಜು ಹಿರಿಯೂರು, ಹೊಸದುರ್ಗ ಎಲ್ಲ ಸುತ್ತಿ ಫೋಟೋ ಹೊಡೆದ. ತನ್ನ ಹಟ್ಟಿಗೂ ಹೋದ. ಅಲ್ಲಿ ಜುಂಜಯ್ಯ ತನ್ನ ಕಂದು ಟಗರನ್ನು ತಬ್ಬಿಕೊಂಡು ನಿಂತ. ಟಗರು ಕ್ಯಾಮೆರಾಕ್ಕೆ ಹೆದರಿ ಮುಖವನ್ನು ಅವನ ಕಂಕುಳಲ್ಲಿ ಮುಚ್ಚಿಕೊಂಡಿತು. ಹಾಗಾಗಿ ಚಿತ್ರದಲ್ಲಿ ಕಂಡದ್ದು ಜುಂಜಯ್ಯನ ನಗುಮುಖ, ಟಗರಿನ ಹಿಂಭಾಗ, ಆ ಹಿಂಭಾಗದ ಮೇಲೆ ಹಚ್ಚಿದ ನೀಲಿ ಬಣ್ಣ.

ಆ ಹಟ್ಟಿಯಲ್ಲಿ ಒಂದೊಂದು ಮನೆಯ ಕುರಿಗೆ ಒಂದೊಂದು ಬಣ್ಣ. ಬೇಸಿಗೆ ಬಂದಾಗ ಅಕ್ಕಪಕ್ಕದ ಮನೆಯವರೆಲ್ಲ ತಮ್ಮ ಕುರಿಗಳನ್ನು ಒಂದೇ ಮಂದೆಯಾಗಿ ಕೂಡಿಸಿಕೊಂಡು ಹೊಳಲ್ಕೆರೆ ದಾಟಿ ಭದ್ರಾ ನಾಲೆಯ ಕಡೆ ಮೇವಿಗೆ ಹೊರಡುತ್ತಾರೆ. ಬೇರೆಯವರ ಹೊಲದಲ್ಲಿ ಮಂದೆ ತಂಗಿಸುತ್ತಾರೆ. ಕೂಡಿದ್ದನ್ನು ಮತ್ತೆ ಬಿಡಿಸಿಕೊಳ್ಳಬೇಕಲ್ಲ, ಅದಕ್ಕೆ ಈ ಬಣ್ಣ. ಜುಂಜಯ್ಯನ ಮನೆಯದು ತಲೆತಲಾಂತರದಿಂದ ನೀಲಿ. ಕಾಟಲಿಂಗಪ್ಪನ ಮನೆಯದು ನೇರಳೆ. ಪೇಟೆಯವರಿಗೆ ಎರಡೂ ಒಂದೇ ಥರ ಕಂಡೀತು. ಅವರಿಗೆ ಮಾತ್ರ ಹಾಲು ಮಜ್ಜಿಗೆಯಷ್ಟು ಬೇರೆ.

ಕ್ಯಾಲೆಂಡರಿನ ಕೆಲಸ ಮದುವೆಗಳ ಕಾಲದಲ್ಲಿ ಬಂದಿತ್ತು. ಮೊದಲ ಹಾಳೆಯಲ್ಲಿ ಸಂಘದ ಅಧ್ಯಕ್ಷರ ಮುಖ. ಆ ಮುಖ ಕಾಗದದಲ್ಲಿ ಕೆಂಪಗಾಗಬಾರದು, ಕಪ್ಪಗಾಗಬಾರದು ಎಂದು ಬಾಲರಾಜು ಇಡೀ ಸಂಜೆ ಕೂತು ತಿದ್ದಿದ. ಉಳಿದ ಚಿತ್ರಗಳನ್ನು ಒಟ್ಟಿಗೆ ಒಂದೇ ಏಟಿಗೆ ಮಸಿಯ ಲೆಕ್ಕಕ್ಕೆ ಬದಲಾಯಿಸಿ ಪ್ರೆಸ್ಸಿಗೆ ಕಳಿಸಿಬಿಟ್ಟ. ಪ್ರೆಸ್ಸಿನಲ್ಲಿದ್ದ ಪುಣ್ಯಾತ್ಮ ಯಾರೋ ಕಣ್ಣಿದ್ದವನು. ಫೋನು ಮಾಡಿ ಹೇಳಿದ: "ಟಗರಿನ ಫೋಟೋದಾಗೆ ನೀಲಿ ಪೂರ್ತಿ ನೇರಳೆಗೆ ಹೊಡೀತಾ ಐತೆ ಸಾರ್. ತಿದ್ದಿ ಕಳಿಸ್ತೀರಾ? ಕಾಯ್ತೀನಿ." ತಿದ್ದಲು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಸಾಕಿತ್ತು. ಎದುರಿಗೆ ಮದುವೆ ಆಲ್ಬಮ್ಮಿನವರು ಕೂತಿದ್ದರು. ಬಾಲರಾಜು, "ಕುರಿ ಮುಕಳಿ ಬಣ್ಣ ಯಾರು ನೋಡ್ತಾರೆ ಮಾರಾಯ, ಓಡ್ಸು" ಎಂದ. ಎದುರಿಗಿದ್ದವರು ನಕ್ಕರು, ಅವನೂ ನಕ್ಕ.

ಯಾರು ನೋಡುತ್ತಾರೆ ಅಂದರೆ, ಇಡೀ ಹಟ್ಟಿ ನೋಡಿತು. ಜನವರಿಯಲ್ಲಿ ಪ್ರತಿ ಮನೆಗೂ ಕ್ಯಾಲೆಂಡರ್ ಬಂತು. ನಮ್ಮ ಜುಂಜಯ್ಯ ಕ್ಯಾಲೆಂಡರಿನಲ್ಲಿ ಬಂದಿದ್ದಾನೆ ಎಂದು ಗೋಡೆಗೋಡೆಗೂ ಅದೇ ಹಾಳೆ ತಿರುಗಿಸಿ ತೂಗುಹಾಕಿದರು. ಕಾಟಲಿಂಗಪ್ಪನೂ ತೂಗುಹಾಕಿ, ದೂರ ನಿಂತು ನೋಡಿದ. ದೀಪಾವಳಿಯ ಹೊತ್ತಿಗೆ ಅವನದೊಂದು ಕಂದು ಟಗರು ಕಳೆದಿತ್ತು. ತೋಳ ಹಿಡಿಯಿತೋ, ಹೆದ್ದಾರಿಯಲ್ಲಿ ಹೋಗುವ ಲಾರಿಯವರು ಎತ್ತಿ ಹಾಕಿಕೊಂಡರೋ ಎಂದು ಹುಡುಕಿ ಹುಡುಕಿ ಸುಮ್ಮನಾಗಿದ್ದ. ಈಗ ನೋಡಿದರೆ ಗೋಡೆಯ ಮೇಲೆ ಅಂಥದೇ ಕಂದು ಟಗರು, ಹಿಂದೆ ನೇರಳೆ ಬಣ್ಣ, ತಬ್ಬಿ ನಿಂತವನು ಜುಂಜಯ್ಯ.

ಕಾಟಲಿಂಗಪ್ಪ ಕೆಟ್ಟವನಲ್ಲ. ಜುಂಜಯ್ಯನ ಮನೆಗೇ ನೇರ ಹೋಗಿ ಟಗರು ತೋರಿಸು ಎಂದು ಕೇಳಿದ. ಆ ಟಗರನ್ನು ಜುಂಜಯ್ಯ ಸಂಕ್ರಾಂತಿಗೆ ಮುಂಚೆಯೇ ಹಿರಿಯೂರಿನ ಸಂತೆಯಲ್ಲಿ ಆಂಧ್ರದ ಕಡೆಯ ವ್ಯಾಪಾರಿಗೆ ಮಾರಿಬಿಟ್ಟಿದ್ದ. ಮಾರಿದ್ದೇ ಕೆಟ್ಟಿತು. ಹಟ್ಟಿಯ ಯಜಮಾನ ಬೋರಯ್ಯ ಎಲ್ಲರನ್ನೂ ಕೂಡಿಸಿದ. ಜುಂಜಯ್ಯ ನೂರು ಸಲ, "ಅದು ನಂದೇ ಟಗರು, ನಂದೇ ನೀಲಿ" ಎಂದ. ಬೋರಯ್ಯ ಕ್ಯಾಲೆಂಡರ್ ಮುಂದಿಟ್ಟು, "ನೀನೇ ನೋಡಪ್ಪ, ಇದು ನೀಲಿನಾ?" ಎಂದು ಕೇಳಿದ. ಜುಂಜಯ್ಯ ನೋಡಿದ. ಸುಳ್ಳು ಹೇಳಲು ಬರದ ಮನುಷ್ಯ. "ಇದ್ರಾಗೆ ನೇರಳೆ ಕಾಣ್ತೈತೆ" ಎಂದು ತಾನೇ ಒಪ್ಪಿಕೊಂಡ.

ತಪ್ಪಾಯಿತು ಅಂತ ಹೇಳಿ ಒಂದು ಟಗರು ಕೊಟ್ಟುಬಿಡು, ಮುಗಿಸೋಣ ಎಂದರು ಹಿರಿಯರು. ಕೊಟ್ಟರೆ ಕಳ್ಳನಾಗುತ್ತೇನೆ, ಕೊಡುವುದಿಲ್ಲ ಎಂದ ಜುಂಜಯ್ಯ. ಹಾಗಾದರೆ ನಿನ್ನ ಕುರಿಯ ಜೊತೆ ನಮ್ಮ ಕುರಿ ಕೂಡಿಸುವುದಿಲ್ಲ ಎಂದರು ಉಳಿದವರು. ಗಲಾಟೆಯಿಲ್ಲ, ಬೈಗುಳವಿಲ್ಲ, ಅಷ್ಟೇ ಮಾತು. ಆದರೆ ಯುಗಾದಿ ಕಳೆದರೆ ಮಂದೆಗಳು ಹೊರಡಬೇಕು, ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಅಷ್ಟು ಕುರಿ ಹೊಡೆದುಕೊಂಡು ಅಷ್ಟು ದೂರ ಹೋಗಲಾರರು. ಹೋಗದಿದ್ದರೆ ಇಲ್ಲಿ ಮೇವಿಲ್ಲ. ಅದಕ್ಕಿಂತ ಹೆಚ್ಚಾಗಿ, ಯಾರೂ ಕೂಡಿಸಿಕೊಳ್ಳದವನು ಅಂದರೆ ಹಟ್ಟಿಯ ಬಾಯಲ್ಲಿ ಕಳ್ಳ ಎಂದೇ ಅರ್ಥ.

ಇದನ್ನೆಲ್ಲ ಸ್ಟುಡಿಯೋಗೆ ತಂದು ಹೇಳಿದವಳು ಜುಂಜಯ್ಯನ ಹೆಂಡತಿ ನಾಗಕ್ಕ. ಆವತ್ತು ನಾನೂ ಅಲ್ಲೇ ಇದ್ದೆ. ಸೆರಗಿನಲ್ಲಿ ಹುರುಳಿಕಾಳು ಕಟ್ಟಿಕೊಂಡು ಬಂದಿದ್ದಳು, ಮೊದಲು ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ಫೋಟಾ ಹೊಡ್ದೋನು ನೀನೇ ಅಲ್ಲೇನಪ್ಪ. ನೀ ಕಣ್ಣಾರೆ ಕಂಡಿದೀಯ. ಒಂದ್ಸಲ ಬಂದು, ಅದು ನೀಲಿ ಇತ್ತು ಅಂತ ಒಂದ್ ಮಾತು ಹೇಳಿ ಹೋಗು. ನಿಮ್ಮಾವ ಅನ್ನ ಬಿಟ್ಟು ಕುಂತೈತೆ."

"ಬರ್ತೀನಿ ಅತ್ತೆ. ಈ ವಾರದ ಮದುವೆ ಮುಗೀಲಿ, ಬಂದೇ ಬರ್ತೀನಿ."

ಅವಳು ಬರಿದಾದ ಸೆರಗು ಕೊಡವಿಕೊಂಡು ಬಸ್ಸಿಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಹೋದ ಮೇಲೆ ಬಾಲರಾಜು ಹುರುಳಿಕಾಳನ್ನು ನೋಡುತ್ತ ಕೂತ. ಏನಾಯಿತೋ ಎಂದೆ. ಪ್ರೆಸ್ಸಿನ ಫೋನಿನ ಮಾತನ್ನು ಆಗ ನನಗೆ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ನನಗೆ ಸಿಟ್ಟು ಬಂತು. "ಹಟ್ಟೀಲಿ ಹುಟ್ಟಿ ಕುರಿ ಬಣ್ಣ ಯಾರು ನೋಡ್ತಾರೆ ಅಂದ್ಯಾ? ನಾನಂದಿದ್ರೆ ಒಪ್ಪಬಹುದಿತ್ತು, ನಂಗೇನ್ ಗೊತ್ತು ಕುರಿ ಸುದ್ದಿ!" ಎಂದೆ. "ಅದಕ್ಕೇ ಅಕ್ಕ ಸಾಯಂಗಾಗೈತೆ" ಎಂದ.

ಆ ವಾರ ಹೋಗಲಿಲ್ಲ. ಮುಂದಿನ ವಾರವೂ ಹೋಗಲಿಲ್ಲ. ಸಂಘದವರು ಸ್ಟುಡಿಯೋಗೂ ಒಂದು ಕ್ಯಾಲೆಂಡರ್ ಕೊಟ್ಟಿದ್ದರು, ಅದನ್ನು ಮಡಚಿ ಕುರ್ಚಿಯ ಕೆಳಗೆ ತುರುಕಿದ. ಗಿರಾಕಿಗಳ ಮೇಲೆ ರೇಗತೊಡಗಿದ. ಒಬ್ಬ ಮದುಮಗಳ ನೀಲಿ ಸೀರೆಯ ಫೋಟೋ ತಿದ್ದುತ್ತ ಕೂತವನು ಮಧ್ಯಾಹ್ನದಿಂದ ಅದೊಂದನ್ನೇ ಹಿಂದೆ ಮುಂದೆ ಮಾಡುತ್ತಿದ್ದ. ಊಟದ ಡಬ್ಬಿ ಹಾಗೇ ಇತ್ತು. ಹೋಗಿ ಹೇಳಿಬಿಡೋ ಎಂದರೆ, ತಾನಾಗಿಯೇ ತಣ್ಣಗಾಗುತ್ತದೆ ಅಕ್ಕ ಎನ್ನುತ್ತಿದ್ದ. ಹೆದರಿಕೆ ಅವನಿಗೆ ಮಾವನದಲ್ಲ, ಹಟ್ಟಿಯದೂ ಅಲ್ಲ. ಆ ಒಂದು ಮಾತನ್ನು ಮಾವನ ಎದುರು ನಿಂತು ಬಾಯಿಬಿಟ್ಟು ಹೇಳಬೇಕಲ್ಲ, ಅದರದು.

ಕಡೆಗೆ ಹೋದ. ಆದರೆ ಕಳ್ಳದಾರಿ ಹಿಡಿದು ಹೋದ. ಮೂಲ ಫೋಟೋವನ್ನು ಲ್ಯಾಬಿನಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋದ. ಅದರಲ್ಲಿ ಟಗರಿನ ಮೇಲಿನ ಬಣ್ಣ ನೀಲಿಯೆಂದರೆ ನೀಲಿ. ಅದನ್ನು ಬೋರಯ್ಯನ ಮುಂದೆ ಹಿಡಿದು, ತಪ್ಪು ಮಿಶಿನ್ನಿನದು, ಬೆಳಕಿನ ಬಣ್ಣವೇ ಬೇರೆ ಮಸಿಯ ಬಣ್ಣವೇ ಬೇರೆ ಎಂದು ನನಗೆ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದ. ತಾನು ಫೋನಿನಲ್ಲಿ ಆಡಿದ ಮಾತನ್ನು ಮಾತ್ರ ಹೇಳಲಿಲ್ಲ.

ನಡೆದದ್ದನ್ನು ಅವನೇ ಮರುದಿನ ನನಗೆ ಹೇಳಿದ. ಮೊದಲು ನಕ್ಕವಳು ಚಿತ್ತಮ್ಮ. "ಲೇ ಬಾಲರಾಜ, ನನ್ ಗಂಡಂಗೆ ಕೋಟು ಹಾಕ್ದೋನು ನೀನು. ನಿಂಗೆ ಟಗರಿನ ಬಣ್ಣ ಬದಲಾಯಿಸೋದು ಯಾವ ಲೆಕ್ಕ?" ಎಂದಳಂತೆ. ಇನ್ನೊಬ್ಬರು, "ನಮ್ ಮೌನಿಕಾನ ಬೆಳ್ಳಗೆ ಮಾಡಿ ಕೊಟ್ಟಿದ್ನಲ್ಲ, ಗಂಡಿನೋರು ಬಂದು ನೋಡಿ ಹುಡುಗಿ ಎಲ್ಲಿ ಅಂದ್ರು" ಎಂದರಂತೆ. ಎಲ್ಲರಿಗೂ ನಗು. ಕಾಟಲಿಂಗಪ್ಪ ಮಾತ್ರ ನಗದೆ, "ಹುಲ್ಲು ಹಸಿರೇ ಐತೆ. ಜುಂಜಯ್ಯನ ಹಣೆ ಮೇಲಿನ ಕುಂಕುಮ ಕೆಂಪೇ ಐತೆ. ಎಲ್ಲಾ ಸರಿ ಇದ್ದು ನನ್ ಟಗರಿನ ಮೇಲೆ ಮಾತ್ರ ಮಿಶಿನ್ ಸಿಟ್ಟಾಯ್ತಾ? ಅಲ್ಲದೆ ಆ ಮಂದ್ಯಾಗೆ ನಿನ್ನ ಕುರೀನೂ ಅವೆ. ನಿನ್ ಮಾತು ಹೆಂಗಪ್ಪ ನಂಬಾಣ?" ಎಂದು ಕೇಳಿದನಂತೆ.

ಅದೂ ನಿಜವೇ. ಜುಂಜಯ್ಯ ಸೋದರಳಿಯನಿಗೆಂದು ಹಿಂದೆ ಒಂದು ಹೆಣ್ಣುಮರಿ ಕೊಟ್ಟಿದ್ದ. ಅದರ ಸಂತಾನ ಬೆಳೆದು ಬಾಲರಾಜುವಿನ ಪಾಲು ಎಂದು ಒಂದಷ್ಟು ಕುರಿಗಳು ಮಾವನ ಮಂದೆಯಲ್ಲೇ, ಮಾವನ ನೀಲಿಯನ್ನೇ ಹೊತ್ತು ತಿರುಗುತ್ತಿದ್ದವು. ಪೇಟೆಯಲ್ಲಿ ಕೂತವನಿಗೆ ಹಟ್ಟಿಯಲ್ಲಿ ಉಳಿದಿದ್ದ ಆಸ್ತಿ ಅಷ್ಟೇ.

ಊರಿನ ಬಣ್ಣವನ್ನೆಲ್ಲ ಬದಲಾಯಿಸಿ ಬದುಕಿದವನು ಒಂದು ಬಣ್ಣದ ನಿಜ ಹೇಳಿದಾಗ ಯಾರೂ ನಂಬಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಆದರೆ ಪ್ರಮಾಣ ಹೇಳುವವನೇ ಕೋಟು ತೊಡಿಸುವ ಕಸುಬಿನವನಾದರೆ ಜನ ಏನು ಮಾಡಬೇಕು? ಅವರದು ತಪ್ಪು ಎಂದು ನನಗೆ ಅನ್ನಿಸಲಿಲ್ಲ. ಹೊರಡುವಾಗ ಜುಂಜಯ್ಯ ಅಳಿಯನ ಹೆಗಲ ಮೇಲೆ ಕೈಯಿಟ್ಟು, "ನೀನಾದ್ರೂ ಬಂದು ಹೇಳ್ದೆ, ಸಾಕು ಬಿಡು" ಎಂದನಂತೆ.

"ಆ ಕೈ ಇನ್ನೂ ಹೆಗಲ ಮ್ಯಾಲೆ ಐತೆ ಅನ್ನಿಸ್ತೈತೆ ಅಕ್ಕ," ಎಂದ ಬಾಲರಾಜು. ಹೇಳುತ್ತಲೇ ಅತ್ತ. ಮದುವೆಯಾದ, ಮಕ್ಕಳಿರುವ ಗಂಡಸು ರವಿಕೆ ಬಟ್ಟೆಗಳ ನಡುವೆ ನಿಂತು ಅಳುವುದನ್ನು ನೋಡಲು ನನಗೂ ಕಷ್ಟವಾಯಿತು.

"ನೀನು ಅವ್ರ ಮುಂದೆ ಮಿಶಿನ್ ಕಥೆ ಹೇಳ್ದೆ. ನಿನ್ ಕಥೆ ಹೇಳ್ಲಿಲ್ಲ," ಎಂದೆ. "ಮಿಶಿನ್ನ ಅವ್ರು ಕಂಡಿಲ್ಲ, ನಂಬಲ್ಲ. ನಿನ್ನ ಕಂಡವ್ರೆ."

ಯುಗಾದಿ ಕಳೆದು ಮಂದೆಗಳು ಹೊರಡುವ ಮಾತು ಬಂದಾಗ ಅವನು ಅಂಗಡಿಗೆ ಬಾಗಿಲು ಹಾಕಿ, "ನೀನೂ ಬಾ ಅಕ್ಕ, ಒಬ್ನೇ ಹೋದ್ರೆ ಮತ್ತೆ ಬಾಯಿ ಕಟ್ತೈತೆ" ಎಂದ. ಬೆಳಗಿನ ಬಸ್ಸಿಗೆ ಇಬ್ಬರೂ ಹೋದೆವು. ಹಟ್ಟಿಯ ಮುಂದಿನ ಬಯಲಿನಲ್ಲಿ ಎಲ್ಲ ಮನೆಯ ಕುರಿಗಳೂ ಕೂಡುತ್ತಿದ್ದವು. ಅರಚಾಟ, ಧೂಳು. ಜುಂಜಯ್ಯನ ಕುರಿಗಳು ಮಾತ್ರ ತಮ್ಮ ರೊಪ್ಪದ ಮುಳ್ಳುಬೇಲಿಯೊಳಗೇ ನಿಂತು ಬಯಲಿನ ಕಡೆ ಕೂಗುತ್ತಿದ್ದವು. ಬೇಲಿಯ ಬಾಯಿಗೆ ಅಡ್ಡವಾಗಿ ಜುಂಜಯ್ಯ ಕೂತಿದ್ದ.

ನಾಗಕ್ಕ ನನ್ನನ್ನು ಕಂಡು, "ಬರ್ರಿ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದಳು. ನಾನು ಕೂತೆ. ಬಾಲರಾಜು ಕೂರಲಿಲ್ಲ. ಬೋರಯ್ಯನ ಮುಂದೆ ಹೋಗಿ ನಿಂತ.

"ಯಜಮಾನ್ರೆ, ಹೋದ್ಸಲ ಅರ್ಧ ಹೇಳಿ ಹೋಗಿದ್ದೆ. ಬಣ್ಣ ತಿರುಗೋದು ಮಿಶಿನ್ನಿಂದಾನೇ. ಆದ್ರೆ ಪ್ರೆಸ್ನೋನು ಮೊದ್ಲೇ ಫೋನ್ ಮಾಡಿ ಹೇಳಿದ್ದ. ನೀಲಿ ನೇರಳೆ ಆಗ್ತಾ ಐತೆ, ತಿದ್ದಿ ಕೊಡು ಅಂದಿದ್ದ. ತಿದ್ದಾಕೆ ನಂಗೆ ಬರ್ತಿತ್ತು. ತಿದ್ಲಿಲ್ಲ."

"ಯಾಕಪ್ಪ?" ಎಂದ ಬೋರಯ್ಯ.

ಬಾಲರಾಜು ಮಾವನ ಕಡೆ ನೋಡಲು ಯತ್ನಿಸಿ ಆಗದೆ ನೆಲ ನೋಡಿದ. "ಕುರಿ ಮುಕಳಿ ಬಣ್ಣ ಯಾರು ನೋಡ್ತಾರೆ, ಓಡ್ಸು ಅಂದೆ. ಎದ್ರಿಗಿದ್ದ ಪ್ಯಾಟೆ ಜನ ನಕ್ರು. ನಾನೂ ನಕ್ಕೆ."

ಈ ಸಲ ಯಾರೂ ನಗಲಿಲ್ಲ. ಕೇಳಿಸಿಕೊಂಡ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೇ ತಲೆ ತಗ್ಗಿಸುವಂತಾಯಿತು. ಆ ಬಯಲಿನಲ್ಲಿ ನಿಂತವರೆಲ್ಲ ಬೆಳಗಾದರೆ ನೋಡುವುದೇ ಆ ಬಣ್ಣವನ್ನು, ಅವರ ಜೀವನವೇ ಅದರ ಹಿಂದೆ ನಡೆಯುವುದು. ಅದನ್ನು ಅವರಲ್ಲೇ ಹುಟ್ಟಿದವನು ಹಾಗೆ ಅಂದಿದ್ದ.

ಕಾಟಲಿಂಗಪ್ಪ ಜನರ ನಡುವಿಂದ ಮುಂದೆ ಬಂದ. "ಇದು ಸುಳ್ಳಲ್ಲ. ತನ್ ಮುಖಕ್ಕೆ ತಾನೇ ಮಸಿ ಬಳ್ಕಳಾಕೆ ಯಾರೂ ಸುಳ್ಳು ಹೇಳಲ್ಲ" ಎಂದ. ಹೋಗಿ ತನ್ನ ಮನೆಯ ಕ್ಯಾಲೆಂಡರನ್ನೇ ಕಿತ್ತು ತಂದ. ಎಲ್ಲರೂ ಸುತ್ತ ಬಗ್ಗಿದರು. ಇಷ್ಟು ದಿನ ಅವರು ಅದರಲ್ಲಿ ನೋಡಿದ್ದು ಟಗರನ್ನು ಮಾತ್ರ. ಈಗ ಚಿತ್ತಮ್ಮ ಬೆರಳಿಟ್ಟಳು: "ಅಯ್ಯೋ, ಹಿಂದೆ ಬೇಲಿ ತಾವ ಇರೋ ಕೊಡ ನಂದು ಕಣ್ರೋ! ನೀಲಿ ಪ್ಲಾಸ್ಟಿಕ್ ಕೊಡ. ಇಲ್ನೋಡಿದ್ರೆ ಬದ್ನೆಕಾಯಿ ಬಣ್ಣ ಆಗೈತೆ!" ಓಡಿಹೋಗಿ ಆ ಕೊಡವನ್ನೇ ತಂದು ಪಕ್ಕದಲ್ಲಿಟ್ಟಳು. ನೀಲಿಯಲ್ಲದೆ ಬೇರೆ ಯಾವ ಬಣ್ಣವೂ ಅಲ್ಲ. ಎಲ್ಲರ ಮನೆಯ ಗೋಡೆಯ ಮೇಲೂ ಮೂರು ತಿಂಗಳಿಂದ ತೂಗುತ್ತಿದ್ದ ಸಾಕ್ಷಿ ಅದು.

ಕಾಟಲಿಂಗಪ್ಪ ಕ್ಯಾಲೆಂಡರ್ ಕೆಳಗಿಟ್ಟು ರೊಪ್ಪದ ಬಾಯಿಗೆ ಹೋದ. ಜುಂಜಯ್ಯನ ಎರಡೂ ಕೈ ಹಿಡಿದುಕೊಂಡ. "ತಪ್ಪಾತು. ಏಳು, ಕೂಡಿಸಾಣ" ಎಂದ. ಬೇಲಿಯ ಮುಳ್ಳನ್ನು ತಾನೇ ಎಳೆದು ಹಾಕಿದ. ಕುರಿಗಳು ಒಂದನ್ನೊಂದು ತುಳಿಯುತ್ತ ಬಯಲಿಗೆ ನುಗ್ಗಿ ಉಳಿದ ಮಂದೆಯಲ್ಲಿ ಬೆರೆತುಹೋದವು. ನಾಗಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನೂ ಅತ್ತೆ. ಎಲ್ಲ ಸರಿಹೋಯಿತು ಎಂದುಕೊಂಡೆ.

ಜುಂಜಯ್ಯ ಪಂಚೆಯ ಧೂಳು ಕೊಡವಿಕೊಂಡು ಎದ್ದು ಅಳಿಯನ ಹತ್ತಿರ ಬಂದ. ಬಾಲರಾಜು ಕಾಲಿಗೆ ಬೀಳಲು ಬಗ್ಗಿದರೆ ತೋಳು ಹಿಡಿದು ಎತ್ತಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಕಳ್ಳ ಅಂದಿದ್ದು ಅವ್ರು. ಅವ್ರಿಗೆ ಗೊತ್ತಿರ್ಲಿಲ್ಲ, ಅಂದ್ರು. ನಿಂಗೆ ಗೊತ್ತಿತ್ತು."

"ಮಾವ..."

"ನಿನ್ ಪಾಲಿನ ಕುರಿ ನನ್ ಜೊತೇನೇ ಇರ್ಲಿ. ಮೇಯಿಸ್ತೀನಿ, ನೀರು ಕುಡಿಸ್ತೀನಿ, ಅದ್ರಾಗೆ ಭೇದ ಇಲ್ಲ. ನಮ್ ನೀಲಿ ಅವಕ್ಕೆ ಬ್ಯಾಡ. ನಿನ್ನವಕ್ಕೆ ಒಂದು ಬೇರೆ ಬಣ್ಣ ನೋಡಿ ತಗಂಬಾ. ನಾಳಿದ್ದು ಹೊರಡ್ತೀವಿ, ಅಷ್ಟ್ರಾಗೆ ತಗಂಬಾ."

ಅಷ್ಟು ಹೇಳಿ ಮಂದೆಯ ಕಡೆ ಹೋದ. ಮರಳಿ ಬರುವ ಬಸ್ಸಿನಲ್ಲಿ ಬಾಲರಾಜು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ನಾನೂ ಮಾತಾಡಿಸಲಿಲ್ಲ. ಮಾತಾಡದೆ ಇರುವುದು ನನಗೆ ಎಷ್ಟು ಕಷ್ಟವೆಂದು ನನ್ನನ್ನು ಬಲ್ಲವರಿಗೆ ಗೊತ್ತು.

ಮರುದಿನ ಅವನು ಸ್ಟುಡಿಯೋ ತೆಗೆಯದೆ ನೇರ ನನ್ನ ಅಂಗಡಿಗೆ ಬಂದ. ಗಲ್ಲೆಯ ಮುಂದೆ ಹೆಂಗಸರ ಹಾಗೆ ನಿಂತು ಕಪಾಟುಗಳನ್ನು ನೋಡಿದ. ಕೋಟಿ ಬಣ್ಣದವನಿಗೆ ಕಂಪ್ಯೂಟರಿನ ಮುಂದೆ ಕೂರಲು ಮನಸ್ಸಾಗಲಿಲ್ಲವೇನೋ.

"ನೀಲಿಗೆ ಹತ್ರದ್ದು ಯಾವ್ದೈತೆ ಅಕ್ಕ?"

ನಾನು ಕಸುಬಿನ ರೂಢಿಯಲ್ಲಿ ಆಕಾಶದ ಬಣ್ಣ, ನವಿಲಿನ ಬಣ್ಣ ಎರಡನ್ನೂ ಎಳೆದು ಹಾಕಿದೆ. ಅವನು ನವಿಲಿನ ಬಣ್ಣವನ್ನು ಮುಟ್ಟಿದ. ಆಗ ನನಗೆ ಹೊಳೆಯಿತು. ಎರಡನ್ನೂ ಮಡಚಿ ಒಳಗಿಟ್ಟೆ.

"ಹತ್ರದ್ದು ಆಗಲ್ವೋ. ಸ್ವಲ್ಪ ಮಾಸಿದ್ರೆ ಮತ್ತೆ ನಿನ್ನದ್ಯಾವ್ದು, ಅವ್ರದ್ಯಾವ್ದು ಅಂತ ಆಗ್ತೈತೆ. ದೂರದಿಂದ ನೋಡಿದ್ರೂ ಬೇರೆ ಅಂತ ಗೊತ್ತಾಗ್ಬೇಕು."

ಅವನು ತಲೆಯಾಡಿಸಿದ.

"ಹಂಗಾದ್ರೆ ನೀಲಿಯಿಂದ ಎಲ್ಲಾಕ್ಕಿಂತ ದೂರದ್ದು ಯಾವ್ದೈತೋ, ಅದನ್ನೇ ಕೊಡಕ್ಕ," ಎಂದ.

ನಾನು ಕಿತ್ತಳೆ ಬಣ್ಣದ ಒಂದು ತುಂಡು ಕೊಟ್ಟೆ. ಅದೇ ಬಣ್ಣದ ಪುಡಿ ಹುಡುಕಿಕೊಂಡು ಅವನು ಬಜಾರಿನ ಕಡೆ ಹೋದ.